ಶಾಫ್ಟ್‌ನ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ: ಮನೆಯ ಲೇತ್‌ನಲ್ಲಿ ಟೇಪರ್ ದೋಷ ಹುಡುಕುವ ಬಗೆ

ಚಿಕ್ಕದೊಂದು ಬೆಲ್ಟ್ ಗ್ರೈಂಡರ್ ಕಟ್ಟುತ್ತಿದ್ದೆ. ಅದರ ಶಾಫ್ಟ್ ಅನ್ನು, ಅಂದರೆ ತಿರುಗುವ ದಂಡವನ್ನು, ಲೇತ್‌ನಲ್ಲಿ ಕಡೆದೆ. ಅದರ ಎರಡು ತುದಿಗೂ 6204 ಅಳತೆಯ ಬೇರಿಂಗ್ ಕೂರಬೇಕಿತ್ತು. ಆ ಬೇರಿಂಗ್‌ನ ಒಳವ್ಯಾಸ 20 ಮಿ.ಮೀ. ಶಾಫ್ಟ್ 20.01ರ ಆಸುಪಾಸಿನಲ್ಲಿ ಬಂದರೆ ಹದವಾದ ಬಿಗಿ ಸಿಗುತ್ತದೆ. ಸಾಣೆ ಹಿಡಿದ ಟೂಲ್, ಹೊಳೆಯುವ ಮೇಲ್ಮೈ, ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಚಕ್ (ಸಲಾಕೆಯನ್ನು ಹಿಡಿದು ತಿರುಗಿಸುವ ದವಡೆ) ಕಡೆಯ ತುದಿಗೆ ಬೇರಿಂಗ್ ಒಂದೆರಡು ಮೆದುವಾದ ಪೆಟ್ಟಿಗೆ ಕೂತಿತು. ಇನ್ನೊಂದು ತುದಿಯಲ್ಲಿ ಅದು ಬಾಯಿಯಲ್ಲೇ ನಿಂತುಬಿಟ್ಟಿತು. ಅಳೆದು ನೋಡಿದರೆ ಒಂದು ಕಡೆ 20.01, ನಡುವೆ 20.03, ಟೈಲ್‌ಸ್ಟಾಕ್ (ಎದುರು ತುದಿಗೆ ಆಸರೆ ಕೊಡುವ ಭಾಗ) ಕಡೆ 20.05.

ಹೀಗೆ ಉದ್ದಕ್ಕೂ ವ್ಯಾಸ ಬದಲಾಗುತ್ತಾ ಹೋಗುವುದೇ ಟೇಪರ್. ಈ ದೋಷಕ್ಕೆ ಕಾರಣಗಳು ಐದಾರಿವೆ, ಎಲ್ಲವುಗಳ ಫಲವೂ ಮೇಲ್ನೋಟಕ್ಕೆ ಒಂದೇ. ಹಾಗಾಗಿಯೇ ಜನ ಅವಸರದಲ್ಲಿ ಕೈಗೆ ಸಿಕ್ಕ ಬೋಲ್ಟ್ ತಿರುಗಿಸುತ್ತಾರೆ. ನಾನೂ ಅದನ್ನೇ ಮಾಡಿದೆ: ಟೈಲ್‌ಸ್ಟಾಕ್‌ನ ಹೊಂದಾಣಿಕೆ ಸ್ಕ್ರೂ ತಿರುಗಿಸಿ ಒಂದು ರದ್ದಿ ಸಲಾಕೆಯನ್ನು ಕಡೆದೆ. ಟೇಪರ್ ಉಲ್ಟಾ ಬಂತು. ಮತ್ತೆ ತಿರುಗಿಸಿದೆ, ಮೂರನೆಯ ಬಾರಿ ಮತ್ತೊಂದು ಅಂಕಿ. ಒಂದಿಡೀ ಸಂಜೆ ಹೋದ ಮೇಲೆ ಸ್ಕ್ರೂ ಬಿಟ್ಟು, ಮೊದಲಿನಿಂದ ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುತ್ತಾ ಬಂದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ ಸರಿಯಿರಲಿ

ವರ್ನಿಯರ್ ಕ್ಯಾಲಿಪರ್ ಈ ಕೆಲಸಕ್ಕೆ ಸಾಲದು. ಸಾಮಾನ್ಯ ಕ್ಯಾಲಿಪರ್ ಓದುವುದೇ 0.02 ಮಿ.ಮೀ. ಹೆಜ್ಜೆಗಳಲ್ಲಿ, ನಾವು ಹುಡುಕುತ್ತಿರುವ ದೋಷವೂ ಅಷ್ಟೇ ಇದ್ದೀತು. ಮೈಕ್ರೋಮೀಟರ್ ಬೇಕು, ಅದರ ರ್ಯಾಚೆಟ್ (ಒತ್ತಡ ಒಂದೇ ಸಮ ಇರಿಸುವ ತುದಿಯ ತಿರುಗುಣಿ) ಹಿಡಿದೇ ತಿರುಗಿಸಬೇಕು. ಯಂತ್ರ ಪೂರ್ತಿ ನಿಂತ ಮೇಲೆ, ಜಾಬ್ (ಕಡೆಯುತ್ತಿರುವ ತುಂಡು) ಒರೆಸಿ, ಕನಿಷ್ಠ ಮೂರು ಕಡೆ ಅಳೆಯಿರಿ. ಪ್ರತಿ ಕಡೆಯಲ್ಲೂ ಜಾಬ್ ಅನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆದು ಬರೆದುಕೊಳ್ಳಿ. ನಡುವಿನ ಅಳತೆಯನ್ನು ಬಿಡಲೇಬೇಡಿ. ಅಂಕಿಗಳು ಒಂದೇ ಸಮನಾಗಿ ಏರುತ್ತಾ ಹೋದರೆ ಒಂದು ಕಥೆ, ನಡು ಉಬ್ಬಿದ್ದರೆ ಬೇರೆಯೇ ಕಥೆ.

ಬಿಸಿ ಜಾಬ್ ಅನ್ನು ಅಳೆಯಬೇಡಿ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11ರಿಂದ 12 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಹಿಗ್ಗುತ್ತದೆ. 25 ಮಿ.ಮೀ. ವ್ಯಾಸದ ಸಲಾಕೆ 40 ಡಿಗ್ರಿ ಬಿಸಿಯಾದರೆ ವ್ಯಾಸದಲ್ಲೇ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅಲ್ಯೂಮಿನಿಯಂ ಆದರೆ ಅದರ ಇಮ್ಮಡಿ. ಒಂದು ತುದಿ ಬೆಚ್ಚಗೆ, ಇನ್ನೊಂದು ತಣ್ಣಗೆ ಇರುವಾಗ ಅಳೆದು, ಇಲ್ಲದ ಟೇಪರ್ ಬೆನ್ನು ಹತ್ತಿದವರನ್ನು ಕಂಡಿದ್ದೇನೆ. ಕೈಯಲ್ಲಿ ಹಿಡಿದರೆ ಬಿಸಿ ತಿಳಿಯದಷ್ಟು ಆರಲಿ.

ಕಟ್‌ನ ಆಳ ಬದಲಿಸಿದರೆ ಟೇಪರ್ ಬದಲಾಗುತ್ತದೆಯೇ?

ಇಡೀ ಪತ್ತೆ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಪ್ರಶ್ನೆ ಇನ್ನೊಂದಿಲ್ಲ. ಟೇಪರ್‌ನ ಕಾರಣಗಳು ಎರಡು ಬಣದವು. ಒಂದು, ಟೂಲ್‌ನ ಒತ್ತಡಕ್ಕೆ ಏನೋ ಒಂದು ಬಾಗುತ್ತಿದೆ. ಎರಡು, ಯಂತ್ರದ ಅಕ್ಷ ಮತ್ತು ಕ್ಯಾರೇಜ್ (ಟೂಲ್ ಹೊತ್ತು ಉದ್ದಕ್ಕೆ ಚಲಿಸುವ ಭಾಗ) ಸಾಗುವ ದಾರಿ ಒಂದಕ್ಕೊಂದು ಸಮಾನಾಂತರವಾಗಿಲ್ಲ. ಬಾಗುವಿಕೆ ಒತ್ತಡದ ಜೊತೆಗೆ ಹೆಚ್ಚು ಕಡಿಮೆ ಆಗುತ್ತದೆ; ಅಕ್ಷದ ಓರೆ ನೀವು ಎಷ್ಟು ಕಟ್ ಕೊಟ್ಟರೂ ಅಷ್ಟೇ ಇರುತ್ತದೆ.

ಹಾಗಾಗಿ ಎರಡು ಪಾಸ್ ಹೊಡೆಯಿರಿ, ಅಂದರೆ ಟೂಲ್ ಅನ್ನು ಉದ್ದಕ್ಕೂ ಎರಡು ಬಾರಿ ಓಡಿಸಿ. ಮೊದಲನೆಯದು 0.5 ಮಿ.ಮೀ. ಆಳದ್ದು, ಅಳೆದು ಬರೆದಿಡಿ. ಎರಡನೆಯದು ಹರಿತವಾದ ಟೂಲ್‌ನಿಂದ 0.1 ಮಿ.ಮೀ. ಆಳದ್ದು, ಮತ್ತೆ ಅಳೆಯಿರಿ. ಎರಡನೆಯದರಲ್ಲಿ ಟೇಪರ್ ಗಣನೀಯವಾಗಿ ಇಳಿದರೆ ಬಾಗುವಿಕೆಯೇ ಅಪರಾಧಿ. ಇಳಿಯದೆ ಅಷ್ಟೇ ನಿಂತರೆ ಯಂತ್ರದ ಹೊಂದಾಣಿಕೆಯ ಕಡೆ ಹೊರಳಿ. ಅನುಮಾನ ಉಳಿದರೆ ಕ್ರಾಸ್ ಸ್ಲೈಡ್ (ಟೂಲ್ ಅನ್ನು ಅಡ್ಡಕ್ಕೆ ಸರಿಸುವ ಭಾಗ) ಮುಟ್ಟದೆ ಅದೇ ಅಳತೆಯಲ್ಲಿ ಟೂಲ್ ಅನ್ನು ಇನ್ನೊಮ್ಮೆ ಓಡಿಸಿ. ಹೊಸ ಕಟ್ ಕೊಡದಿದ್ದರೂ ತುದಿಯ ಕಡೆ ತೆಳುವಾದ ಚಿಪ್ ಎದ್ದು, ಚಕ್ ಹತ್ತಿರ ಬಂದಂತೆ ನಿಂತುಹೋದರೆ ಜಾಬ್ ಮೊದಲ ಬಾರಿ ಬಾಗಿ ಟೂಲ್‌ನಿಂದ ಹಿಂದೆ ಸರಿದಿತ್ತು ಎಂದೇ ಅರ್ಥ.

ಟೈಲ್‌ಸ್ಟಾಕ್ ಆಸರೆ ಇಲ್ಲದೆ ಚಕ್‌ನಲ್ಲಷ್ಟೇ ಹಿಡಿದ ಜಾಬ್‌ನಲ್ಲಿ ಈ ಬಾಗುವಿಕೆ ಎಷ್ಟಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. 25 ಮಿ.ಮೀ. ವ್ಯಾಸದ ಉಕ್ಕಿನ ಸಲಾಕೆ ಚಕ್‌ನಿಂದ 150 ಮಿ.ಮೀ. ಹೊರಗೆ ಚಾಚಿದೆ ಎಂದುಕೊಳ್ಳಿ. ತುದಿಯಲ್ಲಿ ಅಡ್ಡಕ್ಕೆ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ತೂಕದಷ್ಟು ಒತ್ತಡ ಬಿದ್ದರೆ ಅದು 0.03 ಮಿ.ಮೀ.ಗೆ ಹತ್ತಿರ ಬಾಗುತ್ತದೆ. ವ್ಯಾಸದಲ್ಲಿ ಅದು 0.06 ಆಗುತ್ತದೆ. ಚಾಚನ್ನು 75ಕ್ಕೆ ಇಳಿಸಿದರೆ ಬಾಗುವಿಕೆ ಅರ್ಧವಲ್ಲ, ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ವ್ಯಾಸದ ಆಟ ಇನ್ನೂ ಕಠಿಣ: ಅದೇ ಉದ್ದಕ್ಕೆ 25ರ ಬದಲು 20 ಮಿ.ಮೀ. ಸಲಾಕೆ ಹಿಡಿದರೆ ಎರಡೂವರೆ ಪಟ್ಟು ಹೆಚ್ಚು ಬಾಗುತ್ತದೆ. ವ್ಯಾಸದ ಮೂರು ಪಟ್ಟಿಗಿಂತ ಉದ್ದ ಚಾಚಿದ್ದರೆ ಸೆಂಟರ್ (ಜಾಬ್‌ನ ತುದಿಗೆ ಆಸರೆಯಾಗುವ ಮೊನೆ) ಕೊಡಿ ಎನ್ನುವ ಹಳೆಯ ಮಾತಿಗೆ ಇದೇ ಆಧಾರ.

ಸೆಂಟರ್ ಕೊಟ್ಟ ಮೇಲೆ ಬಾಗುವಿಕೆ ನಡುವಿಗೆ ಓಡುತ್ತದೆ. ಆಗ ಎರಡು ತುದಿ ಸಮ, ನಡು ಉಬ್ಬಿದ ಪೀಪಾಯಿಯಂತಹ ಶಾಫ್ಟ್ ಬರುತ್ತದೆ. ಉದ್ದ ವ್ಯಾಸದ ಹತ್ತು ಪಟ್ಟು ದಾಟಿದರೆ ಸ್ಟೆಡಿ (ನಡುವೆ ಆಸರೆ ಕೊಡುವ ಚೌಕಟ್ಟು) ಕಟ್ಟದೆ ಗತಿಯಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಮೊನೆಯ ದುಂಡು ಕಡಿಮೆ ಇರುವ ಹರಿತವಾದ ಟೂಲ್ ಹಾಕಿ, ಕೊನೆಯ ಪಾಸ್‌ಗಳನ್ನು ಹಗುರ ಮಾಡಿದರೆ ಸಾಕು. ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಗಡಸು ಮೊನೆ) ಬಳಸುವವರು ಇಲ್ಲಿ ಎಚ್ಚರವಾಗಿರಬೇಕು. ಅದರ ಅಂಚು ಮೊಂಡಾಗಿರುವುದೇ ಹೆಚ್ಚು, 0.02 ಮಿ.ಮೀ.ನಂತಹ ಕಟ್ ಕೊಟ್ಟರೆ ಅದು ಕತ್ತರಿಸದೆ ಜಾಬ್ ಅನ್ನು ಉಜ್ಜಿ ತಳ್ಳುತ್ತದೆ. ಮನೆಯ ಹಗುರ ಲೇತ್‌ಗೆ ಕಲ್ಲಿನ ಮೇಲೆ ಸಾಣೆ ಹಿಡಿದ ಹೈ ಸ್ಪೀಡ್ ಸ್ಟೀಲ್ ಟೂಲ್ ಕೊಡುವ ಕೊನೆಯ ಪಾಸ್ ಅನ್ನು ನಾನು ಬೇರಾವುದಕ್ಕೂ ಬಿಟ್ಟುಕೊಡುವುದಿಲ್ಲ. ಅಂಥ ಟೂಲ್‌ಗೆ ಮೃದು ಉಕ್ಕಿನಲ್ಲಿ ನಿಮಿಷಕ್ಕೆ 25ರಿಂದ 30 ಮೀಟರ್ ಕಟಿಂಗ್ ವೇಗ ಸರಿ, 25 ಮಿ.ಮೀ. ಸಲಾಕೆಗೆ ಅದು ನಿಮಿಷಕ್ಕೆ ಸುಮಾರು 350 ಸುತ್ತು.

ನನ್ನ ರದ್ದಿ ಸಲಾಕೆಯಲ್ಲಿ ಎರಡು ಪಾಸ್‌ಗಳ ಟೇಪರ್ ಒಂದೇ ಬಂತು. ನಡುವಿನ ಅಳತೆಯೂ ಎರಡು ತುದಿಗಳ ಸರಿಯಾದ ಸರಾಸರಿಯಾಗಿತ್ತು. ಬಾಗುವಿಕೆ ಅಲ್ಲ ಎಂದು ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಎರಡು ಪಟ್ಟಿಯ ಪರೀಕ್ಷೆ

ಹೊಂದಾಣಿಕೆಯ ದೋಷವಾದರೆ ಟೈಲ್‌ಸ್ಟಾಕ್ ಕಡೆ ನೋಡುವ ಮೊದಲು ಬೆಡ್ (ಎಲ್ಲವೂ ಕೂರುವ ಎರಕದ ತಳ) ಮತ್ತು ಹೆಡ್‌ಸ್ಟಾಕ್ (ಚಕ್ ಅನ್ನು ಹೊತ್ತು ತಿರುಗಿಸುವ ಭಾಗ) ನೋಡಬೇಕು. ಬೆಡ್ ತಿರುಚಿಕೊಂಡಿದ್ದರೆ ಅದರ ಮೇಲೆ ಕೂತ ಟೈಲ್‌ಸ್ಟಾಕ್ ಅನ್ನು ಸರಿಪಡಿಸಿ ಫಲವಿಲ್ಲ. ನಾಳೆ ಬೆಡ್ ನೇರ ಮಾಡಿದಾಗ ಅದು ಮತ್ತೆ ಓರೆಯಾಗುತ್ತದೆ.

40 ಮಿ.ಮೀ. ಆಸುಪಾಸಿನ ದಪ್ಪ ಸಲಾಕೆಯೊಂದನ್ನು ಚಕ್‌ನಲ್ಲಿ ಭದ್ರವಾಗಿ ಹಿಡಿಯಿರಿ, 150 ಮಿ.ಮೀ. ಹೊರಗಿರಲಿ. ಸೆಂಟರ್ ಕೊಡಬೇಡಿ. ನಡುವಿನ ಭಾಗವನ್ನು ಎರಡು ಮೂರು ಮಿ.ಮೀ. ಇಳಿಸಿ, ಚಕ್ ಹತ್ತಿರ ಒಂದು, ತುದಿಯಲ್ಲಿ ಒಂದು, ಹೀಗೆ 15 ಮಿ.ಮೀ. ಅಗಲದ ಎರಡು ಪಟ್ಟಿಗಳನ್ನು ಮಾತ್ರ ಉಳಿಸಿ. ಈಗ ಸಾಣೆ ಹಿಡಿದ ಟೂಲ್‌ನಿಂದ 0.05ರಿಂದ 0.1 ಮಿ.ಮೀ. ಕಟ್ ಕೊಟ್ಟು, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಪಟ್ಟಿಗಳನ್ನು ಒಂದೇ ಓಟದಲ್ಲಿ ಕಡೆಯಿರಿ. ಸಲಾಕೆ ದಪ್ಪ, ಕಟ್ ಹಗುರ. ಸಲಾಕೆಯ ಬಾಗುವಿಕೆ ಒಂದು ಮೈಕ್ರಾನ್‌ನ ಮಟ್ಟಕ್ಕೆ ಇಳಿದಿರುತ್ತದೆ. ಎರಡು ಪಟ್ಟಿಗಳ ವ್ಯಾಸದ ವ್ಯತ್ಯಾಸ 0.01 ಒಳಗಿದ್ದರೆ ನಾನು ಅಲ್ಲಿ ಕೈಹಾಕುವುದಿಲ್ಲ.

ಅದಕ್ಕಿಂತ ಹೆಚ್ಚು ಬಂದರೆ ಮೊದಲ ಶಂಕೆ ಯಂತ್ರದ ಪಾದಗಳ ಮೇಲೆ. ಎರಕದ ಬೆಡ್ ನೋಡಲು ಗಟ್ಟಿ, ಆದರೆ ಸಮವಿಲ್ಲದ ಮೇಜಿಗೆ ಬೋಲ್ಟ್ ಬಿಗಿದರೆ ಅದು ತಿರುಚಿಕೊಳ್ಳುತ್ತದೆ. ಮರದ ಮೇಜಾದರೆ ಹವೆಯ ತೇವಕ್ಕೆ ತಕ್ಕಂತೆ ಮರವೂ ಮಿಸುಕುತ್ತದೆ. ಇದನ್ನು ಕಣ್ಣಾರೆ ನೋಡುವ ಸೊಗಸಾದ ದಾರಿಯೊಂದಿದೆ. ಯಂತ್ರ ನಿಲ್ಲಿಸಿ, ಕ್ಯಾರೇಜ್ ಮೇಲೆ ಡಯಲ್ ಗೇಜ್ (ಸಣ್ಣ ಸರಿತವನ್ನು ಸೂಜಿಯಿಂದ ತೋರಿಸುವ ಮಾಪಕ) ಕೂರಿಸಿ, ಅದರ ಮೊನೆಯನ್ನು ಟೂಲ್ ಮುಟ್ಟುವ ಎತ್ತರದಲ್ಲಿ ದೂರದ ಪಟ್ಟಿಗೆ ತಾಗಿಸಿ, ಸೂಜಿಯನ್ನು ಸೊನ್ನೆಗೆ ತನ್ನಿ. ನಂತರ ಟೈಲ್‌ಸ್ಟಾಕ್ ಕಡೆಯ ಪಾದದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ. ಸೂಜಿ ಅಲುಗಾಡದಿದ್ದರೆ ಪಾದಗಳು ನಿರಪರಾಧಿ. ಅದು ಎರಡು ಮೂರು ಗೆರೆ ಓಡಿದರೆ ಇಷ್ಟು ದಿನ ಆ ಬೋಲ್ಟೇ ಬೆಡ್ ಅನ್ನು ತಿರುಚಿ ಹಿಡಿದಿತ್ತು. ಸ್ಪ್ಯಾನರ್ ತಿರುಗಿದ ಹಾಗೆ ಸೂಜಿ ತೆವಳುವುದನ್ನು ಮೊದಲ ಸಲ ನೋಡಿದಾಗ, ಅಷ್ಟು ದೊಡ್ಡ ಕಬ್ಬಿಣದ ತುಂಡು ಇಷ್ಟು ಮೆದುವೇ ಎಂದು ನಾನು ಬೆರಗಾಗಿದ್ದೆ.

ಸರಿಪಡಿಸುವುದು ಶಿಮ್‌ನಿಂದ, ಅಂದರೆ ಅಡಿಗೆ ಇಡುವ ತೆಳು ತಗಡಿನಿಂದ. ದೂರದ ಪಟ್ಟಿ ದಪ್ಪ ಬಂದಿದ್ದರೆ ಟೈಲ್‌ಸ್ಟಾಕ್ ಕಡೆಯ ಮುಂದಿನ ಪಾದದಡಿ, ಅಂದರೆ ನೀವು ನಿಲ್ಲುವ ಬದಿಯ ಪಾದದಡಿ ತೆಳು ಶಿಮ್ ಇಡಿ. ಬೆಡ್‌ನ ಆ ತುದಿ ಹಿಂದಕ್ಕೆ ವಾಲುತ್ತದೆ, ಅದರ ಜೊತೆ ಟೂಲ್‌ನ ಮೊನೆ ಜಾಬ್ ಕಡೆಗೆ ಸರಿದು ಅಲ್ಲಿ ವ್ಯಾಸ ಇಳಿಯುತ್ತದೆ. ಸಣ್ಣ ಬಂದಿದ್ದರೆ ಹಿಂದಿನ ಪಾದದಡಿ. ಒಂದು ಶಿಮ್, ಒಂದು ಹಗುರ ಪಾಸ್, ಒಂದು ಅಳತೆ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಬೇಡಿ. ಬೋಲ್ಟ್ ಸಡಿಲಿಸಿದರೂ, ಶಿಮ್ ಇಟ್ಟರೂ ಟೇಪರ್ ಕದಲದಿದ್ದರೆ ಆಗ ಹೆಡ್‌ಸ್ಟಾಕ್ ಅಕ್ಷವೇ ಓರೆಯಾಗಿರಬಹುದು. ಹೆಡ್‌ಸ್ಟಾಕ್ ಬೋಲ್ಟುಗಳನ್ನು ಮುಟ್ಟುವುದು ನನ್ನ ಮಟ್ಟಿಗೆ ಕೊನೆಯ ಕೆಲಸ.

ಟೈಲ್‌ಸ್ಟಾಕ್

ನನ್ನ ಯಂತ್ರದಲ್ಲಿ ಎರಡು ಪಟ್ಟಿಗಳೂ ಸಮ ಬಂದವು. ಆದ್ದರಿಂದ ಉಳಿದದ್ದು ಟೈಲ್‌ಸ್ಟಾಕ್. ಶಾಫ್ಟ್ ಅನ್ನು ನಾನು ಎರಡು ಸೆಂಟರ್‌ಗಳ ನಡುವೆ ಕ್ಯಾರಿಯರ್ (ಶಾಫ್ಟ್‌ಗೆ ಬಿಗಿದು ಅದನ್ನು ತಿರುಗಿಸುವ ಹಿಡಿ) ಕಟ್ಟಿ ತಿರುಗಿಸುತ್ತಿದ್ದೆ. ಹೀಗೆ ಹಿಡಿದಾಗ ಲೆಕ್ಕ ಸುಲಭ: ಟೈಲ್‌ಸ್ಟಾಕ್ ಕಡೆ ದಪ್ಪ ಬಂದರೆ ಆ ತುದಿಯ ಅಕ್ಷ ಟೂಲ್‌ನಿಂದ ದೂರವಿದೆ, ಟೈಲ್‌ಸ್ಟಾಕ್ ಅನ್ನು ನಿಮ್ಮ ಕಡೆಗೆ ಸರಿಸಬೇಕು. ಎಷ್ಟು ಸರಿಸಬೇಕು ಎಂಬಲ್ಲಿ ಹಲವರು ತಪ್ಪುತ್ತಾರೆ. ವ್ಯಾಸದ ವ್ಯತ್ಯಾಸದ ಅರ್ಧ, ಅದೂ ಅಳೆದ ಉದ್ದಕ್ಕಲ್ಲ, ಸೆಂಟರ್‌ನಿಂದ ಸೆಂಟರ್‌ವರೆಗಿನ ಪೂರ್ತಿ ಉದ್ದಕ್ಕೆ ಹಿಗ್ಗಿಸಿದ ಲೆಕ್ಕದಲ್ಲಿ. ನಾನು ಅಳೆದ ಎರಡು ತುದಿಗಳ ನಡುವೆ 160 ಮಿ.ಮೀ. ಇತ್ತು, ವ್ಯತ್ಯಾಸ 0.04. ಸೆಂಟರ್‌ಗಳ ನಡುವಿನ ದೂರ 220. ಅಂದರೆ ಪೂರ್ತಿ ಉದ್ದಕ್ಕೆ 0.055, ಅದರ ಅರ್ಧ 0.03ಕ್ಕೆ ಹತ್ತಿರ. ಚಕ್‌ನಲ್ಲಿ ಒಂದು ತುದಿ ಹಿಡಿದು ಇನ್ನೊಂದಕ್ಕೆ ಸೆಂಟರ್ ಕೊಟ್ಟಿದ್ದರೆ ಈ ಲೆಕ್ಕ ಕರಾರುವಾಕ್ಕಾಗಿ ಹೊಂದುವುದಿಲ್ಲ, ಏಕೆಂದರೆ ಆಗ ಜಾಬ್ ಓರೆಯಾಗುವುದರ ಬದಲು ಬಾಗುತ್ತದೆ.

ಎತ್ತರದ ವ್ಯತ್ಯಾಸದ ಬಗ್ಗೆ ಚಿಂತಿಸಬೇಡಿ. ಟೈಲ್‌ಸ್ಟಾಕ್ 0.1 ಮಿ.ಮೀ. ಎತ್ತರ ಇದ್ದರೂ 25 ಮಿ.ಮೀ. ಜಾಬ್‌ನ ವ್ಯಾಸದಲ್ಲಿ ಅದು ಒಂದು ಮೈಕ್ರಾನ್‌ಗಿಂತ ಕಡಿಮೆ ವ್ಯತ್ಯಾಸ ತರುತ್ತದೆ. ಟೇಪರ್ ತರುವುದು ಅಡ್ಡಕ್ಕೆ ಸರಿದದ್ದು ಮಾತ್ರ.

ಇಷ್ಟು ಲೆಕ್ಕ ಗೊತ್ತಿದ್ದೂ ಸ್ಕ್ರೂ ತಿರುಗಿಸಿದಾಗೆಲ್ಲ ಬೇರೆ ಬೇರೆ ಫಲ ಏಕೆ ಬಂತು? ಆ ಪ್ರಶ್ನೆಯೇ ನನ್ನನ್ನು ಸರಿಯಾದ ಜಾಗಕ್ಕೆ ಕರೆದೊಯ್ದಿತು. ಹೊಂದಿಸುವ ಮೊದಲು, ಅದು ಹೊಂದಿಸಿದಲ್ಲೇ ನಿಲ್ಲುತ್ತದೆಯೇ ಎಂದು ನೋಡಬೇಕು. ಕ್ಯಾರೇಜ್ ಮೇಲಿನ ಡಯಲ್ ಗೇಜ್ ಅನ್ನು ಟೈಲ್‌ಸ್ಟಾಕ್ ಕ್ವಿಲ್‌ನ (ಸೆಂಟರ್ ಹಿಡಿಯುವ, ಒಳಗೆ ಹೊರಗೆ ಸರಿಯುವ ಕೊಳವೆ) ಮುಂಬದಿಗೆ ತಾಗಿಸಿದೆ. ಕ್ಲ್ಯಾಂಪ್ ಬಿಗಿದೆ, ಸೊನ್ನೆ ಮಾಡಿದೆ. ಸಡಿಲಿಸಿ ಮತ್ತೆ ಬಿಗಿದೆ: ಸೂಜಿ 0.03 ದೂರ ನಿಂತಿತು. ಇನ್ನೊಮ್ಮೆ: 0.01. ಮತ್ತೊಮ್ಮೆ: 0.02, ಈ ಬಾರಿ ಇನ್ನೊಂದು ಬದಿಗೆ. ಪ್ರತಿ ಬಿಗಿತಕ್ಕೂ ಹೊಸ ಜಾಗದಲ್ಲಿ ಕೂರುವ ಟೈಲ್‌ಸ್ಟಾಕ್ ಅನ್ನು ಯಾವ ಸ್ಕ್ರೂ ತಾನೇ ಸರಿಪಡಿಸೀತು?

ಅದನ್ನು ಬೆಡ್‌ನಿಂದ ಪೂರ್ತಿ ಜಾರಿಸಿ ತೆಗೆದು ತಿರುಗಿಸಿ ಹಾಕಿದೆ. ತಳದ ವಿ ಆಕಾರದ ತೋಡಿನಲ್ಲಿ ಎಣ್ಣೆಯ ಕಪ್ಪು ಪದರ. ಚಿಂದಿ ಬಟ್ಟೆಯಿಂದ ಒರೆಸಿದಾಗ ಮೇಲೆ ಏನೂ ಕಾಣಲಿಲ್ಲ. ಬೆರಳ ತುದಿಯನ್ನು ನಿಧಾನವಾಗಿ ಸವರಿಕೊಂಡು ಹೋದಾಗ ಒಂದು ಕಡೆ ಚುಚ್ಚಿತು. ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿದರೆ, ಅಕ್ಕಿಯ ನುಚ್ಚಿನಷ್ಟು ಉದ್ದದ, ತೆಳ್ಳಗೆ ಚಪ್ಪಟೆಯಾದ ಉಕ್ಕಿನ ಚಿಪ್ ಎರಕದೊಳಗೆ ಅರ್ಧ ಹೂತು ಕೂತಿತ್ತು. ಅದರ ಮೈ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು. ತಿಂಗಳುಗಟ್ಟಲೆ ಅಲ್ಲೇ ಇದ್ದಿರಬೇಕು. ಹಿತ್ತಾಳೆಯ ಕಡ್ಡಿಯಿಂದ ಎಬ್ಬಿಸಿ ತೆಗೆದೆ. ಅದು ಕೂತಿದ್ದ ಕುಳಿಯ ಅಂಚು ಉಬ್ಬಿತ್ತು, ನುಣ್ಣನೆಯ ಎಣ್ಣೆಕಲ್ಲನ್ನು ಚಪ್ಪಟೆಯಾಗಿ ಹಿಡಿದು ನಾಲ್ಕು ಬಾರಿ ಸವರಿ ಉಬ್ಬನ್ನು ಮಾತ್ರ ಇಳಿಸಿದೆ. ಬೆಡ್, ತಳ ಎರಡನ್ನೂ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ ಕೂರಿಸಿದ ಮೇಲೆ ಐದು ಬಾರಿ ಬಿಗಿದು ಸಡಿಲಿಸಿದೆ. ಐದೂ ಬಾರಿ ಸೂಜಿ ಒಂದೇ ಗೆರೆಗೆ ಬಂದು ನಿಂತಿತು. ಸ್ಕ್ರೂ ಹೊಂದಾಣಿಕೆ ಆನಂತರ ಹತ್ತು ನಿಮಿಷದ ಕೆಲಸವಾಯಿತು.

ಕ್ವಿಲ್‌ನ ಒಳಗಿನ ಮೋರ್ಸ್ ಟೇಪರ್ ಗುಳಿಯನ್ನೂ (ಸೆಂಟರ್ ಕೂರುವ ಓರೆ ರಂಧ್ರ) ಹೀಗೆಯೇ ನೋಡಿ. ಅಲ್ಲಿ ಸಿಕ್ಕಿಕೊಂಡ ಒಂದು ಕಣವೂ ಸೆಂಟರ್ ಅನ್ನು ಓರೆ ಮಾಡುತ್ತದೆ. ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ. ಹೆಡ್‌ಸ್ಟಾಕ್ ಕಡೆಯ ಗುಳಿಯನ್ನು ಒರೆಸುವಾಗ ಯಂತ್ರದ ವಿದ್ಯುತ್ ಕಡಿದಿರಲಿ, ತಿರುಗುತ್ತಿರುವ ಸ್ಪಿಂಡಲ್‌ಗೆ ಬೆರಳು ಹಾಕಬಾರದು.

ಚಕ್ ಕಡೆಯೇ ದಪ್ಪ ಬಂದರೆ

ಟೂಲ್ ಸಾಮಾನ್ಯವಾಗಿ ಟೈಲ್‌ಸ್ಟಾಕ್‌ನಿಂದ ಚಕ್ ಕಡೆಗೆ ಸಾಗುತ್ತದೆ. ದಾರಿಯಲ್ಲಿ ಅದರ ಮೊನೆ ಸವೆದರೆ ಕೊನೆಗೆ ತಲುಪುವ ಚಕ್ ಕಡೆ ದಪ್ಪ ಉಳಿಯುತ್ತದೆ. ಪರೀಕ್ಷೆ ಸರಳ: ಎರಡು ದಿಕ್ಕಿಗೂ ಕತ್ತರಿಸುವ ಟೂಲ್ ಹಾಕಿ, ಚಕ್‌ನಿಂದ ಟೈಲ್‌ಸ್ಟಾಕ್ ಕಡೆಗೆ ಒಂದು ಪಾಸ್ ಹೊಡೆಯಿರಿ. ಟೇಪರ್ ದಿಕ್ಕು ಬದಲಿಸಿದರೆ ಸವೆತವೇ ಕಾರಣ. ವೇಗ ಇಳಿಸಿ, ಟೂಲ್ ಸಾಣೆ ಹಿಡಿಯಿರಿ. ತಿರುಗದ ಡೆಡ್ ಸೆಂಟರ್ ಬಳಸುವವರು ಇನ್ನೊಂದು ಮಾತು ನೆನಪಿಡಬೇಕು: 200 ಮಿ.ಮೀ. ಶಾಫ್ಟ್ 40 ಡಿಗ್ರಿ ಬಿಸಿಯಾದರೆ ಉದ್ದದಲ್ಲಿ 0.09 ಮಿ.ಮೀ. ಬೆಳೆಯುತ್ತದೆ. ಬೆಳೆಯಲು ಜಾಗವಿಲ್ಲದೆ ಅದು ಬಿಲ್ಲಿನಂತೆ ಬಾಗುತ್ತದೆ, ಸೆಂಟರ್‌ನ ಮೊನೆಯೂ ಸುಡುತ್ತದೆ. ಆಗಾಗ ಸಡಿಲಿಸಿ ಮತ್ತೆ ತಾಗಿಸಿ, ಗ್ರೀಸ್ ಇಡಿ.

ಟೇಪರ್‌ನಂತೆ ಕಂಡು ಟೇಪರ್ ಅಲ್ಲದವು

ಅಳತೆ ಪ್ರತಿ ಸಲ ಬೇರೆ ಬರುತ್ತಿದ್ದು ಅದಕ್ಕೊಂದು ಕ್ರಮವೇ ಇಲ್ಲದಿದ್ದರೆ ಕ್ರಾಸ್ ಸ್ಲೈಡ್‌ನ ಗಿಬ್ (ಜಾರು ಭಾಗದ ಸಡಿಲು ತೆಗೆಯುವ ಪಟ್ಟಿ) ಸಡಿಲವಿದೆಯೇ ನೋಡಿ. ಟೂಲ್ ಪೋಸ್ಟ್ ಅನ್ನು ಕೈಯಿಂದ ಹಿಂದೆ ಮುಂದೆ ಜಗ್ಗಿದಾಗ ಡಯಲ್ ಸೂಜಿ ಓಡಿದರೆ ಗಿಬ್ ಬಿಗಿಯಬೇಕು. ಹಿಡಿಕೆ ತುಸು ಭಾರವಾಗಿ, ಆದರೆ ಎಲ್ಲಿಯೂ ತಡೆಯದೆ ತಿರುಗುವಷ್ಟು. ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ತನ್ನಿ. ದಾಟಿ ಹೋದರೆ ಪೂರ್ತಿ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದೆ ಹೋಗಿ.

ಮೇಲ್ಮೈಯಲ್ಲಿ ಅಲೆ ಅಲೆಯಾದ ಗುರುತು, ಕಿವಿಗೆ ಕರ್ಕಶವಾದ ಕಿರುಚು ಇದ್ದರೆ ಅದು ಚಾಟರ್. ಟೂಲ್ ಅನ್ನು ಹೋಲ್ಡರ್‌ನಿಂದ ಆದಷ್ಟು ಕಡಿಮೆ ಚಾಚಿ, ವೇಗ ಇಳಿಸಿ, ಫೀಡ್ (ಪ್ರತಿ ಸುತ್ತಿಗೆ ಟೂಲ್ ಸಾಗುವ ದೂರ) ಸ್ವಲ್ಪ ಏರಿಸಿ. ಫೀಡ್ ಇಳಿಸುವುದು ಸಹಜವಾಗಿ ಹೊಳೆಯುವ ಉಪಾಯ, ಆದರೆ ಅದು ಬಹಳ ಸಲ ಚಾಟರ್ ಅನ್ನು ಹೆಚ್ಚಿಸುತ್ತದೆ. ಟೂಲ್‌ನ ಎತ್ತರವನ್ನೂ ನೋಡಿ. ನಿಂತ ಜಾಬ್ ಮತ್ತು ಟೂಲ್ ಮೊನೆಯ ನಡುವೆ ತೆಳುವಾದ ಉಕ್ಕಿನ ಅಳತೆಪಟ್ಟಿಯನ್ನು ಮೆಲ್ಲಗೆ ಸಿಕ್ಕಿಸಿ. ಪಟ್ಟಿ ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ತಲೆ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಅತ್ತ ವಾಲಿದರೆ ಮೇಲಿದೆ.

ತೆಳು ಉಂಗುರಗಳದ್ದು ಬೇರೆಯೇ ಮೋಸ. ಮೂರು ದವಡೆಯ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಹಿಡಿದಿರುವಾಗ ಬೋರ್ ಗುಂಡಗಿರುತ್ತದೆ, ಬಿಟ್ಟ ಕೂಡಲೇ ಮೂರು ಮೂಲೆಯಾಗುತ್ತದೆ. ಎದುರು ಬದುರು ಎರಡು ಕಡೆ ಮುಟ್ಟಿ ಅಳೆಯುವ ಉಪಕರಣ ಇದನ್ನು ಹಿಡಿಯಲಾರದು; ಮೂರು ಮೂಲೆಯ ಆಕಾರ ಎಲ್ಲ ದಿಕ್ಕಿನಲ್ಲೂ ಹೆಚ್ಚು ಕಡಿಮೆ ಒಂದೇ ಅಗಲ ತೋರಿಸುತ್ತದೆ. ಸುತ್ತಲೂ ಸಮವಾಗಿ ಹಿಡಿಯುವ ಸೀಳಿದ ಬಳೆಯೊಂದನ್ನು ಮಾಡಿಕೊಂಡು ಅದರೊಳಗೆ ಉಂಗುರ ಹಿಡಿಯಿರಿ.

ಶಾಫ್ಟ್ ಕೆಡಲಿಲ್ಲ. ಎರಡು ಸೆಂಟರ್‌ಗಳ ನಡುವೆ ಕಡೆದದ್ದರಿಂದ ಅದನ್ನು ತೆಗೆದು ಮತ್ತೆ ಹಾಕಿದರೂ ಅದೇ ಅಕ್ಷದ ಮೇಲೆ ತಿರುಗಿತು. ಚಕ್ ಕಡೆಯ ತುದಿಗೆ ಟೂಲ್ ಬರೀ ಸೋಕುವಷ್ಟು ಇಟ್ಟು, ಟೈಲ್‌ಸ್ಟಾಕ್ ಕಡೆಯಿಂದ ಫೀಡ್ ಹಾಕಿದೆ. ಮೊದಲು ಕೂದಲಿನಂತಹ ಎಳೆ ಎದ್ದು, ನಡು ದಾಟುತ್ತಾ ತೆಳ್ಳಗಾಗಿ, ಚಕ್ ಹತ್ತಿರ ಧೂಳಿನಂತಾಗಿ ನಿಂತಿತು. ಆರಲು ಬಿಟ್ಟು ಅಳೆದೆ: 20.01, 20.01, ಟೈಲ್‌ಸ್ಟಾಕ್ ತುದಿಯಲ್ಲಿಯೂ 20.01, ಗೆರೆ ಮಾತ್ರ ಒಂದಿಷ್ಟು ಮುಂದೆ. ಉಳಿದಿದ್ದ ಬೇರಿಂಗ್ ಅನ್ನು 80 ಡಿಗ್ರಿಗೆ ಕಾಯಿಸಿದೆ. ಅಷ್ಟಕ್ಕೆ ಅದರ ಒಳವ್ಯಾಸ ಸುಮಾರು 13 ಮೈಕ್ರಾನ್ ಹಿಗ್ಗುತ್ತದೆ. ಒಳಬಳೆಗೆ ಮಾತ್ರ ತಾಗುವ ಕೊಳವೆಯ ತುಂಡಿಟ್ಟು ಒಂದು ಬಾರಿ ತಟ್ಟಿದಾಗ ಅದು ತನ್ನ ಜಾಗದವರೆಗೆ ಜಾರಿ ಕೂತಿತು.